ಮೊಳಕಾಲ್ಮೂರಿನ ಕೆಂಪು ಚರಂಡಿ

ನಿಯಮ ಒಂದೇ ಇತ್ತು: ಅಚ್ಚಾದದ್ದನ್ನು ಓದಬೇಕು, ಅದರ ಬೆನ್ನು ಹತ್ತಿ ಹೋಗಬಾರದು. ವರದಿಗಾರರಿಗೆ ಫೋನ್ ಮಾಡುವಂತಿಲ್ಲ, ಸ್ಥಳಕ್ಕೆ ಹೋಗಿ ನೋಡುವಂತಿಲ್ಲ. ಹೋಗಿ ನೋಡಿದರೆ ಓದುವ ಕಣ್ಣು ಕೆಡುತ್ತದೆ ಎಂದು ಗೆಳತಿ ಮೊದಲೇ ಹೇಳಿದ್ದಳು.

ಗೆಳತಿ ಕಾನ್ವೆಂಟಿನಲ್ಲಿ ನನ್ನ ಬೆಂಚಿನವಳು, ಈಗ ಹೊರದೇಶದ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧಕಿ. ನೀರು, ಗಾಳಿ, ಕಸದ ಬಗ್ಗೆ ಬೇರೆ ಬೇರೆ ದೇಶಗಳ ಪತ್ರಿಕೆ, ಟೀವಿಗಳು ಏನು ಹೇಳುತ್ತವೆ, ಹೇಳಿದ ಮೇಲೆ ಅಲ್ಲಿಯ ಸರ್ಕಾರಗಳು ಏನು ಆದೇಶ ಹೊರಡಿಸುತ್ತವೆ ಎಂದು ಹೋಲಿಸಿ ನೋಡುವುದು ಅವಳ ಅಧ್ಯಯನ. ಪ್ರತಿ ದೇಶದಲ್ಲೂ ಒಂದು ಸಣ್ಣ ಊರಿನ ಓದುಗರು ಬೇಕಾಗಿದ್ದರು. “ದಿನಾ ಪೇಪರನ್ನ ಮೊದಲಿಂದ ಕೊನೆವರೆಗೂ ಓದೋರು ಈಗ ಯಾರಿದಾರೆ ಹೇಳು. ನೀನು ಟೆಂಡರ್ ನೋಟಿಸನ್ನೂ ಬಿಡೋಳಲ್ಲ. ನೀನೇ ಸರಿ ಕಣೇ” ಎಂದು ಹೇಳಿ ಚಳ್ಳಕೆರೆಯಿಂದ ನನ್ನನ್ನು ಸೇರಿಸಿಕೊಂಡಳು.

ತಿಂಡಿಯ ತಟ್ಟೆಗಳನ್ನು ತೊಳೆದಿಟ್ಟು ಊಟದ ಮೇಜಿನ ಮೇಲೆ ಪತ್ರಿಕೆಗಳ ಜಿಲ್ಲಾ ಪುಟ ಹರಡುತ್ತಿದ್ದೆ. ಸುದ್ದಿಯ ಉದ್ದವನ್ನು ರವಿಕೆ ಅಳತೆಯ ಟೇಪಿನಿಂದ ಅಳೆಯುವುದು. ಫೋಟೊ ಇದೆಯೇ, ಇದ್ದರೆ ಅದರಲ್ಲಿ ಮನುಷ್ಯರಿದ್ದಾರೆಯೇ, ಮೊದಲು ಯಾರ ಮಾತು ಬರುತ್ತದೆ, ಅಧಿಕಾರಿಯದೋ ಊರವರದೋ, ಇವನ್ನೆಲ್ಲ ಗುರುತು ಹಾಕಿಕೊಳ್ಳುವುದು. ಆಮೇಲೆ ಆ ವಿಷಯಕ್ಕೆ ಸಂಬಂಧಪಟ್ಟ ಸರ್ಕಾರಿ ಆದೇಶ ಏನಾದರೂ ಹೊರಟಿತೇ ಎಂದು ಕಾಯುವುದು. ಹೊರಟರೆ ಎರಡನ್ನೂ ಒಂದೇ ಸಾಲಿನಲ್ಲಿ ಕಂಪ್ಯೂಟರಿಗೆ ತುಂಬುವುದು. ಬೆರಳಿಗೆ ಅಂಟಿದ ಮಸಿಯನ್ನು ಸೀಗೆಪುಡಿ ಹಾಕಿ ತಿಕ್ಕಿಕೊಂಡ ಮೇಲೆಯೇ ಹಿಟ್ಟು ಮುಟ್ಟುತ್ತಿದ್ದೆ.

ವಾರಕ್ಕೊಮ್ಮೆ ಎಲ್ಲ ದೇಶದ ಓದುಗರೂ ಪರದೆಯ ಮೇಲೆ ಸೇರುತ್ತಿದ್ದೆವು. ಚಿಲಿ ದೇಶದ ಶಾಲಾ ಟೀಚರು ಒಮ್ಮೆ ಹೇಳಿದರು: “ನಮ್ಮಲ್ಲಿ ನದಿ ಸತ್ತರೆ ಸುದ್ದಿಯಲ್ಲ. ಮೀನು ಹೊಟ್ಟೆ ಮೇಲಾಗಿ ತೇಲಿದ ಚಿತ್ರ ಬಂದರೆ ಮಾರನೆಯ ದಿನ ಮಂತ್ರಿ ದಡದಲ್ಲಿರುತ್ತಾರೆ.” ಫಿನ್ಲೆಂಡಿನ ನಿವೃತ್ತ ರೇಡಿಯೊ ವರದಿಗಾರರು ನಿಧಾನವಾಗಿ, “ನಮ್ಮಲ್ಲಿ ಮಂತ್ರಿ ಬರುವುದಿಲ್ಲ, ಸಮಿತಿ ಬರುತ್ತದೆ. ಅದು ವರದಿ ಕೊಡುವಷ್ಟರಲ್ಲಿ ಬದುಕಿದ ಮೀನುಗಳು ಮೊಮ್ಮಕ್ಕಳನ್ನು ಕಂಡಿರುತ್ತವೆ” ಎಂದರು. ಹೇಳಿಕೊಳ್ಳಲು ನನ್ನ ಬಳಿ ಹೆಚ್ಚೇನೂ ಇರುತ್ತಿರಲಿಲ್ಲ. ನಮ್ಮ ಪುಟಗಳಲ್ಲಿ ಪರಿಸರ ಎಂದರೆ ಸಸಿ ನೆಡುವ ಫೋಟೊ. ಒಂದು ಸಸಿ, ಅದನ್ನು ಹಿಡಿಯಲು ಹತ್ತಾರು ಕೈ.

ಆಗ ಆ ಚರಂಡಿಯ ಫೋಟೊ ಬಂತು.

ಮೊಳಕಾಲ್ಮೂರಿನ ನೇಕಾರರ ಬೀದಿ. ತೆರೆದ ಚರಂಡಿ. ಅದರ ತುಂಬ ಕಡುಗೆಂಪು ನೀರು. ತಲೆಬರಹ ‘ವಿಷದ ಹೊಳೆ’. ಸೀರೆಯ ರೇಷ್ಮೆಗೆ ಬಣ್ಣ ಹಾಕುವ ಮನೆಯ ನೀರು ನೇರವಾಗಿ ಚರಂಡಿ ಸೇರುತ್ತಿದೆ, ಕೇಳುವವರಿಲ್ಲ ಎಂದು ಕೆಳಗೆ ನಾಲ್ಕು ಸಾಲು. ಮಾರನೆಯ ದಿನ ಅದೇ ಚಿತ್ರ ರಾಜ್ಯದ ಪುಟಕ್ಕೆ ಏರಿತು. ಸಂಜೆಗೆ ಟೀವಿಯಲ್ಲಿ ಬಂತು, ಕೆಂಪು ನೀರಿನ ಸುತ್ತ ಇನ್ನೊಂದು ಕೆಂಪು ವೃತ್ತ ಎಳೆದು ತೋರಿಸಿದರು. ಆ ವಾರವೇ ಹೊರದೇಶದ ಒಂದು ವೆಬ್‌ಸೈಟಿನಲ್ಲಿ, ನಿಮ್ಮ ರೇಷ್ಮೆ ಎಲ್ಲಿಂದ ಬರುತ್ತದೆ ಗೊತ್ತೇ ಎಂಬ ಲೇಖನಕ್ಕೂ ಅದೇ ಚಿತ್ರ ಹಾಕಿದ್ದರು. ಸಂಬಂಧಪಟ್ಟ ಇಲಾಖೆಯಿಂದ ಆದೇಶವೂ ಹೊರಟಿತು: ಬಣ್ಣಯುಕ್ತ ತ್ಯಾಜ್ಯ ನೀರು ಹೊರಬಿಡುತ್ತಿದ್ದ ಆ ಮನೆಯ ಬಣ್ಣದ ಕೊಟ್ಟಿಗೆಗೆ ಬೀಗಮುದ್ರೆ, ತಾಲ್ಲೂಕಿನ ಉಳಿದ ಬಣ್ಣದ ಮನೆಗಳಿಗೆ ಎಚ್ಚರಿಕೆ.

ಗೆಳತಿಗೆ ಸಂಭ್ರಮ. “ಇಷ್ಟು ನೀಟಾಗಿ ಬೇರೆ ಯಾವ ದೇಶದಲ್ಲೂ ಸಿಕ್ಕಿಲ್ಲ ಕಣೇ. ಫೋಟೊ, ಟೀವಿ, ಆದೇಶ, ಒಂದೇ ಗೆರೆ. ಪುಸ್ತಕದ ಮೊದಲನೇ ಅಧ್ಯಾಯ ಇದೇ.”

ಟೀವಿಯವರು ತೋರಿಸಿದ್ದು ಪೂರ್ತಿ ಚಿತ್ರ. ಪತ್ರಿಕೆಯಲ್ಲಿ ಅದರ ಎಡಬದಿಯನ್ನು ಕತ್ತರಿಸಿದ್ದರು. ನನ್ನ ಕೆಲಸಕ್ಕೆ ಅದನ್ನೂ ದಾಖಲಿಸಬೇಕಾಗಿದ್ದರಿಂದ ಮೊಬೈಲಿನಲ್ಲಿ ಆ ತುಣುಕನ್ನು ನಿಲ್ಲಿಸಿ ನೋಡಿದೆ. ಎಡ ಅಂಚಿನಲ್ಲಿ ಚಪ್ಪರದ ಒಂದು ಕಂಬ, ಅದಕ್ಕೆ ಕಟ್ಟಿದ ಬಾಳೆಯ ತುದಿ. ಕಂಬದ ಬುಡದಿಂದ ಸಣ್ಣಗೆ ನೀರು ಹರಿದು ಬಂದು ಚರಂಡಿಗೆ ಬೀಳುತ್ತಿತ್ತು. ಆ ನೀರು ಕೆಂಪಾಗಿರಲಿಲ್ಲ, ಹಳದಿಯಾಗಿತ್ತು. ಚರಂಡಿಗೆ ಬಿದ್ದ ಜಾಗದಿಂದ ಮುಂದೆ ಕೆಂಪು.

ಅಡುಗೆ ಮಾಡಿ ಬಟ್ಟೆ ಒಗೆಯುವ ಯಾರಿಗೂ ಇದು ಹೊಸದಲ್ಲ. ಸಾರು ಬಿದ್ದ ಬಿಳಿ ಬಟ್ಟೆಗೆ ಸೋಪು ಹಚ್ಚಿದರೆ ಅರಿಶಿನದ ಕಲೆ ಕೆಂಪಗಾಗುತ್ತದೆ. ಲೋಟದಲ್ಲಿ ಅರಿಶಿನದ ನೀರು ಕಲಸಿ ಒಂದು ಚಿಟಿಕೆ ವಾಷಿಂಗ್ ಸೋಡಾ ಹಾಕಿದೆ, ಫೋಟೊದ ಬಣ್ಣವೇ ಬಂತು. ಹುಣಸೆಹಣ್ಣು ಹಿಂಡಿದೆ, ಹಳದಿಗೆ ತಿರುಗಿತು. ಕಡಲೆಕಾಯಿ ಅಂಗಡಿಯಿಂದ ಊಟಕ್ಕೆ ಬಂದ ನಮ್ಮೆಜಮಾನರು ಸಾಲಾಗಿಟ್ಟ ಲೋಟಗಳನ್ನು ನೋಡಿ, “ಯಾರಿಗೆ ದೃಷ್ಟಿ ತೆಗಿಯಾಕೆ ಹೊಂಟಿದ್ದೀಯ?” ಎಂದು ಕೇಳಿದರು.

“ಮೊಳಕಾಲ್ಮೂರಿಗೆ” ಎಂದೆ.

“ಇಡೀ ಊರಿಗಾ? ಹಂಗಾದ್ರೆ ಲೋಟ ಸಾಲದು, ಹಂಡೆ ಇಡು.”

ಫೋಟೊದಲ್ಲಿದ್ದದ್ದು ಮದುವೆ ಮನೆಯ ಅರಿಶಿನದ ನೀರು ಎಂಬುದು ಸ್ಪಷ್ಟವಾಯಿತು. ಅದನ್ನು ಕೆಂಪಾಗಿಸಿದ್ದು ಏನು ಎಂಬುದು ಮಾತ್ರ ಉಳಿಯಿತು. ಮನೆಯಿಂದ ಹಳದಿಯಾಗಿಯೇ ಹೊರಟ ನೀರು ಚರಂಡಿಯಲ್ಲಿ ಬಣ್ಣ ತಿರುಗಬೇಕಾದರೆ ಚರಂಡಿಯಲ್ಲಿ ಮೊದಲೇ ಏನೋ ಹರಿಯುತ್ತಿರಬೇಕು, ಕಣ್ಣಿಗೆ ಕಾಣದ್ದು.

ಗೆಳತಿಗೆ ಫೋನ್ ಮಾಡಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ, “ಆ ಫೋಟೊ ಸುಳ್ಳೋ ನಿಜವೋ ಅನ್ನೋದು ನಮ್ಮ ಪ್ರಶ್ನೆ ಅಲ್ಲ ಕಣೇ. ಅದು ಅಚ್ಚಾಯ್ತು, ಆದೇಶ ಬಂತು. ಅಷ್ಟನ್ನ ಬರಿ” ಎಂದಳು.

“ಒಬ್ಬರ ಮನೆ ಕೆಲಸ ನಿಂತಿದೆಯಲ್ಲೇ.”

“ಎಲ್ಲ ದೇಶದಲ್ಲೂ ಯಾರದ್ದೋ ಒಬ್ಬರದ್ದು ನಿಂತಿರುತ್ತೆ. ನಾವು ಕೈ ಹಾಕಿದ್ರೆ ಅಧ್ಯಯನ ಕೆಡುತ್ತೆ. ನಿನಗೆ ನಿಯಮ ಗೊತ್ತು.”

ನಿಯಮ ಪಾಲಿಸುವುದು ನನಗೆ ಕಷ್ಟದ ಸಂಗತಿಯಲ್ಲ. ಕಾನ್ವೆಂಟಿನ ಸಿಸ್ಟರುಗಳು ಅದನ್ನು ಚೆನ್ನಾಗಿಯೇ ಕಲಿಸಿದ್ದರು. ಆ ದಿನದ ಸಾಲನ್ನು ಅವಳು ಹೇಳಿದಂತೆ ತುಂಬಿದೆ. ಕಾರಣದ ಅಂಕಣದಲ್ಲಿ ‘ಬಣ್ಣದ ನೀರು’ ಎಂದು ಬರೆದು ನಿಲ್ಲಿಸಿದೆ. ಮುಂದಿನ ಸುದ್ದಿಗೆ ಹೋಗಲು ಆಗಲಿಲ್ಲ. ಪತ್ರಿಕೆಯ ಕಚೇರಿಗೆ ಫೋನ್ ಮಾಡಿದೆ. ಸಂಪಾದಕೀಯ ವಿಭಾಗದವರೊಬ್ಬರು ಅರಿಶಿನ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ, “ಮಹಿಳಾ ಪುರವಣಿಗೆ ಬರೆದು ಕಳ್ಸಿ ಮೇಡಂ, ಮನೆಮದ್ದಿನ ಕಾಲಂ ಐತೆ” ಎಂದು ಇಟ್ಟುಬಿಟ್ಟರು.

ಮಾರನೆಯ ದಿನ ಬಸ್ಸು ಹತ್ತಿದೆ. ನಮ್ಮೆಜಮಾನರು ಬಸ್‌ಸ್ಟ್ಯಾಂಡಿನವರೆಗೂ ಬಂದು, “ಹೋಗಿ ಬಾ. ಜಗಳ ಮಾತ್ರ ಕಾಯಬ್ಯಾಡ, ನಿನಗೆ ಬರಲ್ಲ” ಎಂದರು.

ಬೀದಿಯನ್ನು ಹುಡುಕುವುದು ಕಷ್ಟವಾಗಲಿಲ್ಲ, ಮಗ್ಗದ ಸದ್ದು ಇತ್ತು. ಆದರೆ ಎಲ್ಲ ಮನೆಯಿಂದಲೂ ಬರುತ್ತಿರಲಿಲ್ಲ. ಬಣ್ಣದ ಮನೆಯ ಕೊಟ್ಟಿಗೆಯ ಬಾಗಿಲಿಗೆ ಬೀಗ, ಬೀಗಕ್ಕೆ ಬಟ್ಟೆ ಸುತ್ತಿ ಅರಗಿನ ಮುದ್ರೆ. ಲಡಿಗಳನ್ನು, ಅಂದರೆ ರೇಷ್ಮೆ ನೂಲಿನ ಕಟ್ಟುಗಳನ್ನು, ಹಂಡೆಯೊಳಗೆ ತಿರುಗಿಸುವ ಕೋಲುಗಳು ಗೋಡೆಗೆ ಒರಗಿದ್ದವು. ಪ್ರತಿ ಕೋಲಿನ ತುದಿಗೂ ಒಂದೊಂದು ಬಣ್ಣ, ಒಣಗಿ ಬಿರಿದಿತ್ತು. ಜಗಲಿಯ ಮೇಲೆ ಮನೆಯೊಡತಿ ಕೂತಿದ್ದರು, ನನಗಿಂತ ಸ್ವಲ್ಪ ಚಿಕ್ಕವರು. ಕೈ ಬೆರಳುಗಳ ಉಗುರುಗಳ ಅಂಚಿನಲ್ಲಿ ನೇರಳೆ ಬಣ್ಣ ಇನ್ನೂ ಇತ್ತು.

“ಟೀವಿಯೋರೇನಮ್ಮಾ?” ಎಂದು ಎದ್ದು ನಿಂತರು.

“ಅಲ್ಲ. ನಾನು ಪೇಪರ್ ಓದೋಳು.”

“ಓದೋರಾ? ಬರೆಯೋರು ಬಂದಿದ್ದು ನೋಡೀವಿ. ಓದೋರು ಇಷ್ಟು ದೂರ ಬಂದಿದ್ದು ಇದೇ ಮೊದಲು.”

ಅವರ ಗಂಡ, ಬಣ್ಣದವರು, ಒಳಗಿನಿಂದ ಬಂದರು. ಮನೆಯಲ್ಲಿ ತೆಲುಗು, ನನ್ನ ಜೊತೆ ಕನ್ನಡ. ಬೀದಿಯ ನೇಕಾರರೆಲ್ಲ ಇವರ ಬಳಿಯೇ ನೂಲಿಗೆ ಬಣ್ಣ ಹಾಕಿಸುತ್ತಿದ್ದರಂತೆ. ಈಗ ಕೆಲವರು ಮಗ್ಗ ನಿಲ್ಲಿಸಿದ್ದಾರೆ, ಉಳಿದವರು ಗಡಿ ದಾಟಿ ಆಂಧ್ರದ ಕಡೆ ಹೋಗಿ ಅದ್ದಿಸಿಕೊಂಡು ಬರುತ್ತಿದ್ದಾರೆ.

“ನೇಕಾರರದ್ದು ಹೆಂಗೆ ಅಂದ್ರೆ ಅಮ್ಮಾ, ಒಂದು ಕೈಯಿನ ಕೆಂಪು ಹಿಡಿಸ್ತು ಅಂದ್ರೆ ಅದೇ ಕೈ. ಇನ್ನೊಂದು ನಾಕು ವಾರ ಹೋದ್ರೆ ಆ ಕಡೆಯೋರ ಕೆಂಪೇ ಇವರಿಗೆ ಕೆಂಪಾಗ್ತದೆ. ಆಮೇಲೆ ಬೀಗ ತೆಗೆದ್ರೆಷ್ಟು ಬಿಟ್ರೆಷ್ಟು” ಎಂದರು ಬಣ್ಣದವರು.

ಅರಿಶಿನದ ವಿಷಯ ಕೇಳಿದೆ. ಹೆಂಡತಿಗೆ ನಗು ಬಂತು. ಎರಡು ಮನೆ ಆಚೆ ತಮ್ಮ ತಂಗಿಯ ಮಗಳ ಮದುವೆ ಆಗ ನಡೆದಿತ್ತು ಎಂದರು. ಬಾವ, ಮೈದುನ, ನಾದಿನಿಯರು ಅರಿಶಿನದ ನೀರು ಎರಚಾಡುವುದು ಅವರಲ್ಲಿ ಉಂಟು. “ಈ ಸಲ ನಮ್ಮ ನಾದಿನಿ ಬಿಂದಿಗೇಲಿ ಸಾಲದು ಅಂತ ಡ್ರಮ್ಮಲ್ಲೇ ಕಲಸಿದ್ಲು. ಫೋಟೊ ಹೊಡೆದಿದ್ದು ಅವತ್ತೇನಾ? ನಮಗೆ ಹೊಳೀಲೇ ಇಲ್ಲ ನೋಡಿ. ಟೀವಿಯೋರು ಬಣ್ಣ ಬಣ್ಣ ಅಂದ್ರು, ನಮ್ಮದೇ ಇರಬಹುದು ಅಂತ ನಾವೂ ಸುಮ್ಮನಾದ್ವಿ.”

ಬಣ್ಣದ ಮನೆಯವರೇ ಆ ಕೆಂಪನ್ನು ತಮ್ಮದೆಂದು ನಂಬಿದ್ದರು. ಬೀದಿಯಲ್ಲಿ ಯಾವ ಬಣ್ಣದ ನೀರು ಕಂಡರೂ ಇವರದ್ದೇ ಎಂಬ ಮಾತು ಎಷ್ಟೋ ವರ್ಷದಿಂದ ಇತ್ತು.

ಒಂದು ಲೋಟ ಕೇಳಿದೆ. ಚರಂಡಿಯಲ್ಲಿ ಆಗಲೂ ನೀರು ಹರಿಯುತ್ತಿತ್ತು. ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ, ಮೇಲೆ ತೆಳುವಾದ ನೊರೆ. ಲೋಟದಲ್ಲಿ ಹಿಡಿದು ಆಕೆ ತಂದ ಅರಿಶಿನ ಹಾಕಿ ಕಲಕಿದೆ. ಕೆಂಪಾಯಿತು. ಬಣ್ಣದವರು ಲೋಟವನ್ನು ಕಸಿದುಕೊಂಡವರಂತೆ ಹಿಡಿದು, “ಚೂಡು, ಇದಿ ಮನ ರಂಗು ಕಾದು! ನಮ್ಮ ಬಣ್ಣ ಅಲ್ಲ ಇದು!” ಎಂದು ಹೆಂಡತಿಗೆ ತೋರಿಸಿದರು. ಎದುರು ಮನೆಯವರು ಕೇಳಲಿ ಎಂದೇ ಜೋರಾಗಿ ಹೇಳಿದರು.

“ಹಾಗಾದರೆ ಈ ಬಿಳಿ ನೀರು ಎಲ್ಲಿಯದು?” ಎಂದು ಕೇಳಿದೆ.

ಹೆಂಡತಿ ಹಿತ್ತಲ ಕಡೆ ಕೈ ತೋರಿಸಿದರು. ಹಿತ್ತಲಿನಲ್ಲಿ ಇನ್ನೊಂದು ಶೆಡ್ಡು ಇತ್ತು. ಹಸಿ ರೇಷ್ಮೆಗೆ ಹುಟ್ಟಿನಿಂದಲೇ ಒಂದು ಅಂಟು ಇರುತ್ತದೆ. ಸೋಪು, ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಅದನ್ನು ಬಿಡಿಸದೆ ಬಣ್ಣ ಹಿಡಿಯುವುದಿಲ್ಲ. ಕುದಿಸಿದ ಆ ನೀರೇ ಇದು. ಬೇರೆ ಊರಿನವರು ಕೊಟ್ಟ ರೇಷ್ಮೆಯನ್ನು ಬೇಯಿಸಿಕೊಟ್ಟು ಇವರು ದಿನ ದೂಡುತ್ತಿದ್ದರು. ಆದೇಶದಲ್ಲಿ ಬಣ್ಣ ಎಂದಷ್ಟೇ ಇದ್ದದ್ದರಿಂದ ಆ ಶೆಡ್ಡಿಗೆ ಬೀಗ ಬಿದ್ದಿರಲಿಲ್ಲ. ಪರಿಶೀಲನೆಗೆ ಬಂದವರು ಇದೇ ಬಿಳಿ ನೀರನ್ನು ದಾಟಿಕೊಂಡು ಹೋಗಿ ಬೀಗ ಹಾಕಿದ್ದರು.

ಬಣ್ಣದವರು ದನಿ ಇಳಿಸಿದರು. “ಅಮ್ಮಾ, ನೀವು ದೊಡ್ಡ ಮನಸ್ಸು ಮಾಡಿ ಅರಿಶಿನದ್ದು ಹೇಳ್ರಿ. ಸೋಡಾದ್ದು ಬ್ಯಾಡ. ಅದು ಹೇಳಿದ್ರೆ ಬೇಯ್ಸೋದಕ್ಕೂ ಬೀಗ ಬೀಳ್ತದೆ. ಇರೋ ಗಂಜೀನೂ ಹೋಗ್ತದೆ.”

ಅರ್ಧ ಹೇಳಿದರೆ ಇವರ ಬಾಗಿಲು ತೆರೆಯುತ್ತದೆ, ಬಿಳಿ ನೀರು ಯಾರ ಕಣ್ಣಿಗೂ ಬೀಳದೆ ಹರಿಯುತ್ತಲೇ ಇರುತ್ತದೆ. ಪೂರ್ತಿ ಹೇಳಿದರೆ ಎರಡು ಬೀಗ. ನಾನು ಅವರ ಊರಿನವಳಲ್ಲ, ಅವರ ನೀರು ಕುಡಿಯುವವಳಲ್ಲ. ಆ ಜಗಲಿಯ ಮೇಲೆ ಕೂತೇ ತೀರ್ಮಾನ ಮಾಡಿದೆ.

“ಹೇಳಿದರೆ ಎರಡನ್ನೂ ಹೇಳುತ್ತೇನೆ. ನೀವು ಬೇಡ ಎಂದರೆ ಒಂದನ್ನೂ ಹೇಳದೆ ಹೋಗುತ್ತೇನೆ. ಅರ್ಧ ಹೇಳಲು ನನಗೆ ಆಗುವುದಿಲ್ಲ” ಎಂದೆ. 

“ಓದೋರಿಗೆ ಇದೆಲ್ಲ ಸಲೀಸು ಬಿಡ್ರಿ” ಎಂದು ಬಣ್ಣದವರು ಎದ್ದು ಒಳಗೆ ಹೋದರು.

ಹೆಂಡತಿ ಮಾತ್ರ ಲೋಟವನ್ನೇ ನೋಡುತ್ತ ಕೂತಿದ್ದರು. “ಅಕ್ಕಾ, ಬೋರಿನ ನೀರಿಗೆ ಹಿಂಗಾಗುತ್ತಾ?” ಎಂದು ಕೇಳಿದರು.

“ಏಕೆ?”

“ಬೀದಿ ಕೊನೇಲಿ ಕೈಪಂಪ್ ಐತೆ. ಈಗ ಒಂದು ವರ್ಷದಿಂದ ಅದರ ನೀರಲ್ಲಿ ಬ್ಯಾಳೆ ಕುದಿಸಿ ಅರಿಶಿನ ಹಾಕಿದ್ರೆ ಹಳದಿ ನಿಲ್ಲಲ್ಲ, ಇಟ್ಟಿಗೆ ಬಣ್ಣ ಬರ್ತದೆ. ನಾನು ಅಂಗಡಿಯೋನ ಅರಿಶಿನ ಕಲಬೆರಕೆ ಅಂತ ಬೀದಿ ತುಂಬ ಹೇಳ್ಕೊಂಡು ಬಂದೆ. ಅವನು ನಮ್ಮವ್ವನ ಆಣೆ ಅಂದ್ರೂ ಕೇಳಲಿಲ್ಲ. ಮೂರು ಅಂಗಡಿ ಬದಲಾಯ್ಸಿದೆ.”

ಆಕೆ ಎದ್ದು ಹೋಗಿ ಪಂಪಿನ ನೀರನ್ನು ಪಾತ್ರೆಯಲ್ಲಿ ಕಾಯಿಸಿ ಅರಿಶಿನ ಹಾಕಿಕೊಂಡು ಬಂದರು. ಲೋಟದಷ್ಟು ಕೆಂಪಿರಲಿಲ್ಲ. ಆದರೆ ಹಳದಿ ಎನ್ನುವಂತೆಯೂ ಇರಲಿಲ್ಲ. ಪಾತ್ರೆಯನ್ನು ಒಳಗೆ ಒಯ್ದು ಗಂಡನ ಮುಂದೆ ಇಟ್ಟು ತೆಲುಗಿನಲ್ಲಿ ಏನೋ ಹೇಳಿದರು. ಅವರ ಮಾತು ನನಗೆ ಪೂರ್ತಿ ತಿಳಿಯಲಿಲ್ಲ; ಮಕ್ಕಳು ಕುಡಿಯುವುದು ಎಂಬುದಷ್ಟು ತಿಳಿಯಿತು. ಆಮೇಲೆ ಹೊರಗೆ ಬಂದು ಕನ್ನಡದಲ್ಲಿ, “ಎರಡೂ ಹೇಳ್ರಿ ಅಕ್ಕಾ” ಎಂದರು. ಬಣ್ಣದವರು ಒಳಗಿನಿಂದ ಬೇಡ ಎನ್ನಲಿಲ್ಲ.

ಆ ಫೋಟೊ ತೆಗೆದ ಸ್ಥಳೀಯ ವರದಿಗಾರರನ್ನು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಕರೆಸಿದ್ದು ಆಕೆಯೇ. ಅವರು ತಪ್ಪಿಸಿಕೊಳ್ಳಲು ನೋಡಲಿಲ್ಲ, ಆದರೆ ಚಹಾ ತಣ್ಣಗಾಗುವವರೆಗೂ ಮುಟ್ಟಲಿಲ್ಲ.

“ನಾನು ಕಳಿಸಿದ್ದೇ ಬೇರೆ ಸುದ್ದಿ ಮೇಡಂ. ಚರಂಡಿ ಮೇಲಿನ ಚಪ್ಪಡಿ ಕಿತ್ತುಹೋಗಿದೆ, ಜನ ಬೀಳ್ತಾರೆ ಅಂತ. ನೀರು ಕೆಂಪಗಿದ್ದಿದ್ದು ನಾನೂ ಗಮನಿಸಲಿಲ್ಲ, ಆ ಬೀದೀಲಿ ದಿನಾ ಒಂದು ಬಣ್ಣ ಇರ್ತದೆ. ಕೆಂಪು ಕಂಡಿದ್ದು ಆಫೀಸಲ್ಲಿ ಸುದ್ದಿ ತಿದ್ದೋ ಡೆಸ್ಕಿನೋರಿಗೆ.”

“ಚಪ್ಪಡಿ ಹಾಕಿದರೇ?”

“ಎಲ್ಲಿ? ಬೀಗ ಹಾಕಾಕೆ ಬಂದೋರಲ್ಲೇ ಒಬ್ಬರು ಕಾಲು ಜಾರಿದ್ರು.” ಸ್ವಲ್ಪ ನಕ್ಕು, ಮತ್ತೆ ಗಂಭೀರವಾದರು. “ಸ್ಪಷ್ಟೀಕರಣ ಅಂತ ಕಳ್ಸಿದ್ರೆ ಒಂದು ಸಾಲು ಹಾಕ್ತಾರೆ. ಆ ಸಾಲಲ್ಲಿ ಅರಿಶಿನ ಹಿಡಿಯುತ್ತೆ, ಸೋಡಾ ಹಿಡಿಯಲ್ಲ. ಎರಡೂ ಹಿಡೀಬೇಕು ಅಂದ್ರೆ ಫೋಟೊ ಬೇಕು. ಒಂದೇ ಫೋಟೊ, ನೋಡಿದ ತಕ್ಷಣ ಕಥೆ ಗೊತ್ತಾಗಬೇಕು.”

ಪತ್ರಿಕೆಗಳನ್ನು ಟೇಪು ಹಿಡಿದು ಅಳೆದದ್ದು ಅಲ್ಲಿ ಉಪಯೋಗಕ್ಕೆ ಬಂತು. ಮನುಷ್ಯರಿಲ್ಲದ ಚಿತ್ರವನ್ನು ಒಳಪುಟಕ್ಕೆ ತಳ್ಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ಚರಂಡಿಯ ಅಂಚಿನಲ್ಲಿ ಮೂರು ಗಾಜಿನ ಲೋಟ ಇಡಿಸಿದೆ: ಬರೀ ಅರಿಶಿನದ ನೀರು, ಚರಂಡಿಯ ನೀರಿಗೆ ಅರಿಶಿನ, ಕೈಪಂಪಿನ ಕಾಯಿಸಿದ ನೀರಿಗೆ ಅರಿಶಿನ. ಹಿಂದೆ ಆಕೆಯನ್ನು ಕೂರಿಸಿದೆವು. ಸೆರಗು ಸರಿಮಾಡಿಕೊಂಡು, “ನಗಬೇಕಾ, ಅಳಬೇಕಾ?” ಎಂದು ಕೇಳಿದರು. ವರದಿಗಾರರು, “ಲೋಟ ನೋಡ್ರಿ ಸಾಕು” ಎಂದರು.

ಸುದ್ದಿ ಪುಟದ ಕೆಳಭಾಗದಲ್ಲಿ ಬಂತು. ಮೊದಲಿನದಕ್ಕಿಂತ ಸಣ್ಣದು, ಆದರೆ ಎರಡೂ ವಿಷಯ ಇತ್ತು. ಟೀವಿಯವರು ತಿರುಗಿಯೂ ನೋಡಲಿಲ್ಲ. ಹೊರದೇಶದ ವೆಬ್‌ಸೈಟಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದೆ, ಉತ್ತರ ಬರಲಿಲ್ಲ. ಆ ಚಿತ್ರ ಅಲ್ಲಿ ಹಾಗೆಯೇ ಇದೆ. ಇಲಾಖೆಯವರು ಮಾತ್ರ ಮತ್ತೆ ಬಂದು, ಈ ಸಲ ಬಿಳಿ ನೀರನ್ನು ಬಾಟಲಿಗೆ ತುಂಬಿಕೊಂಡು ಹೋದರು. ಬಣ್ಣದವರು ಹೆದರಿದಂತೆಯೇ ಆಯಿತು: ಬೇಯಿಸುವ ಶೆಡ್ಡಿಗೂ ಬೀಗ ಬಿತ್ತು. ಆ ದಿನ ಅವರು ನನಗೆ ಫೋನ್ ಮಾಡಿ, “ಎರಡನೇದೂ ಬಿತ್ತಮ್ಮಾ” ಎಂದಷ್ಟೇ ಹೇಳಿ ಇಟ್ಟರು. 

ಅದಾದ ಮೇಲೆ ಪರಿಷ್ಕೃತ ಆದೇಶ ಬಂತು. ಎರಡು ತೊಟ್ಟಿ ಕಟ್ಟಿ, ಸೋಡಾದ ನೀರನ್ನು ಬಣ್ಣ ಕಚ್ಚಲೆಂದು ಹುಳಿ ಹಾಕಿದ ಹಂಡೆಯ ನೀರಿನ ಜೊತೆ ಬೆರೆಸಿ, ತಿಳಿಯಾಗಿಸಿ, ಪರೀಕ್ಷೆ ಮಾಡಿ ಹೊರಗೆ ಬಿಡುವುದಾದರೆ ಎರಡೂ ಕೆಲಸ ನಡೆಸಬಹುದು. ಆ ಆದೇಶದ ಪ್ರತಿ ವರದಿಗಾರರಿಂದ ನನಗೆ ಸಿಕ್ಕಿತು. ಪತ್ರಿಕೆಯಲ್ಲಿ ಅದು ಬರಲಿಲ್ಲ.

ವಾರದ ಸಭೆಯಲ್ಲಿ ನಡೆದದ್ದನ್ನು ಹೇಳಿದೆ. ಚಿಲಿಯ ಟೀಚರು ಚಪ್ಪಾಳೆ ತಟ್ಟಲು ಕೈ ಎತ್ತಿ, ಗೆಳತಿಯ ಮುಖ ನೋಡಿ ಇಳಿಸಿದರು. ಫಿನ್ಲೆಂಡಿನವರು, “ತಿದ್ದುಪಡಿ ಮೂಲ ಸುದ್ದಿಯಷ್ಟೇ ದೊಡ್ಡದಾಗಿ ಬಂದದ್ದನ್ನು ನಾನು ನನ್ನ ದೇಶದಲ್ಲೂ ಕಂಡಿಲ್ಲ” ಎಂದರು. ಗೆಳತಿ ಸಿಟ್ಟಾಗಲಿಲ್ಲ. ಆಮೇಲೆ ನನಗೊಬ್ಬಳಿಗೇ ಫೋನ್ ಮಾಡಿದಳು.

“ನೀನು ಕೈ ಹಾಕಿದ ಮೇಲೆ ಆಗಿದ್ದನ್ನ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ ಕಣೇ. ಮೊದಲನೇ ಫೋಟೊ, ಮೊದಲನೇ ಆದೇಶ, ಅಲ್ಲಿಗೆ ಆ ಸಾಲು ನಿಲ್ಲುತ್ತೆ. ಇನ್ನು ಮೇಲೆ ಮೊಳಕಾಲ್ಮೂರಿನ ಸುದ್ದಿ ನೀನು ಓದಬೇಡ. ಚಳ್ಳಕೆರೆ, ಪರಶುರಾಂಪುರದ್ದು ಓದು.”

“ಕಾರಣದ ಅಂಕಣದಲ್ಲಿ ಬಣ್ಣದ ನೀರು ಅಂತಲೇ ಇರುತ್ತಾ?”

“ಅಚ್ಚಾಗಿದ್ದು ಅದೇ ತಾನೇ?” ಎಂದಳು. “ಅಡಿಟಿಪ್ಪಣಿ ಹಾಕೋಕೆ ಆಗುತ್ತಾ ನೋಡ್ತೀನಿ” ಎಂದೂ ಸೇರಿಸಿದಳು. ಅವಳ ಕಡೆಯಿಂದ ಅದು ಸಣ್ಣ ಮಾತಲ್ಲ.

ಹಲವು ವಾರಗಳ ಮೇಲೆ ಬಣ್ಣದವರ ಹೆಂಡತಿ ಫೋನ್ ಮಾಡಿದರು. ಹಿಂದಿನಿಂದ ನೀರು ಸುರಿಯುವ ಸದ್ದು, ಯಾರನ್ನೋ ತೆಲುಗಿನಲ್ಲಿ ಗದರುವ ಬಣ್ಣದವರ ದನಿ. ತೊಟ್ಟಿ ಕಟ್ಟಿ ಮುಗಿಯಿತು, ಬೀಗ ತೆಗೆದರು ಎಂದರು. ಆಂಧ್ರದ ಕಡೆ ಹೋದವರಲ್ಲಿ ಅರ್ಧ ಜನ ವಾಪಸ್ಸು ಬಂದಿದ್ದಾರೆ. ಇನ್ನರ್ಧ ಬರುವುದಿಲ್ಲ, ಅವರಿಗೆ ಅಲ್ಲಿಯ ಕೆಂಪು ಹಿಡಿಸಿದೆ. “ಬರದೇ ಇದ್ರೆ ಹೋಗ್ಲಿ ಅನ್ನಾಕೆ ಬಾಯಿ ಬರಲ್ಲ ಅಕ್ಕಾ. ಆದ್ರೂ ಹಂಡೆ ಕುದೀತಾ ಐತೆ.”

ಬೀಗ ತೆಗೆದ ಸುದ್ದಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ, ಆದ್ದರಿಂದ ನಮ್ಮ ಅಧ್ಯಯನದ ಪ್ರಕಾರ ನಿಮ್ಮ ಮನೆಗೆ ಇನ್ನೂ ಬೀಗ ಬಿದ್ದೇ ಇದೆ ಎಂದು ಹೇಳಿದೆ. ಹೇಳಬಾರದಿತ್ತೇನೋ ಎಂದು ಆಮೇಲೆ ಅನಿಸಿತು. ಆಕೆ ಮಾತ್ರ ಫೋನನ್ನು ಕಿವಿಯಿಂದ ತೆಗೆದು ಗಂಡನಿಗೆ ಅದನ್ನು ಜೋರಾಗಿ ಹೇಳಿದರು. ಅಲ್ಲಿಂದ ಬಣ್ಣದವರ ಮಾತು, ನನಗೂ ತಿಳಿಯಲೆಂದು ಕನ್ನಡದಲ್ಲೇ, ನೇರವಾಗಿ ಕೇಳಿಸಿತು:

“ಇರ್ಲಿ ಬಿಡು. ಬೀಗ ಬಿದ್ದ ಮನೆಯೋರು ನಾಳೆ ಹತ್ತು ಲಡಿ ಕೆಂಪು ಕೊಡಬೇಕು, ಫೋನ್ ಇಟ್ಟು ಬಾ.”